ಸ್ಟಾಲಿನ್ ಮೀಸೆಗೆ ಎಷ್ಟು ಗಂಟು?

ಆನ್‌ಲೈನ್ ಹರಾಜುಗಳಲ್ಲಿ ಹಳೇ ಸಾಮಾನುಗಳನ್ನು ನೋಡ್ತಾ ಕೂರೋದು ನನ್ನ ಚಟ. ಕೊಳ್ಳೋದು ಕಡಿಮೆ, ಸ್ಕ್ರೋಲ್ ಮಾಡೋದೇ ಜಾಸ್ತಿ. ಅಲ್ಲಿ ಕಾರ್ಪೆಟ್ ವಿಭಾಗಕ್ಕೆ ಹೋಗಿ ನೋಡಿ. ಹೂಬಳ್ಳಿ, ಜಿಂಕೆ, ನವಿಲುಗಳ ನಡುವೆ ಇದ್ದಕ್ಕಿದ್ದ ಹಾಗೆ ಲೆನಿನ್ ಎದುರಾಗುತ್ತಾನೆ. ಬೋಳುತಲೆ, ಚೂಪು ಗಡ್ಡ, ಸುತ್ತ ಮಧ್ಯ ಏಷ್ಯಾದ ಅಂಚು. ಸ್ವಲ್ಪ ಕೆಳಗೆ ಬಂದರೆ ಸ್ಟಾಲಿನ್, ಎದೆ ಮೇಲೆ ಪದಕಗಳ ಸಮೇತ. ಇನ್ನೂ ಕೆಳಗೆ ಅಫ್ಘಾನಿಸ್ತಾನದ ದೊರೆ ಅಮಾನುಲ್ಲಾ, ಆಮೇಲೆ ಅಮೆರಿಕದ ಕೆನಡಿ. ಒಬ್ಬರಿಗೊಬ್ಬರು ಎದುರು ಬದುರು ನಿಲ್ಲಲೂ ಒಪ್ಪದ ಜನ ಇಲ್ಲಿ ಒಂದೇ ಪುಟದಲ್ಲಿ ಬಿಡ್‌ಗಾಗಿ ಕಾಯ್ತಾ ಇರ್ತಾರೆ. ಎಲ್ಲರ ಕೆಳಗೂ ಹೆಚ್ಚುಕಮ್ಮಿ ಒಂದೇ ಒಕ್ಕಣೆ: ವಿಂಟೇಜ್, ಸ್ಥಿತಿ ಚೆನ್ನಾಗಿದೆ, ಗೋಡೆಗೆ ಹಾಕಲು ಸೂಕ್ತ.

ಗೋಡೆಗೆ ಅಂದದ್ದನ್ನು ಗಮನಿಸಿ. ನಮ್ಮ ಕಡೆ ಕಾಲು ತಾಗಿದರೆ ಪುಸ್ತಕಕ್ಕೂ ಕೈಮುಗಿಯುತ್ತೇವೆ. ಹಾಗಿರುವಾಗ ನಾಯಕನ ಮುಖವನ್ನು ನೆಲಕ್ಕೆ ಹಾಸೋದು ಹೇಗೆ ಅಂತ ಮೊದಲ ಸಲ ನೋಡಿದಾಗ ನನಗೂ ಅನಿಸಿತ್ತು. ಇವು ನೆಲಕ್ಕಲ್ಲ. ಸೋವಿಯತ್ ಒಕ್ಕೂಟದಲ್ಲಿ ಕಾರ್ಪೆಟ್ಟನ್ನು ಗೋಡೆಗೆ ಬಿಗಿಯೋದು ಮನೆಮನೆಯ ಪದ್ಧತಿ. ಚಳಿಗೂ ಆಯ್ತು, ಅಂತಸ್ತಿಗೂ ಆಯ್ತು. ಮುಖ ಇರೋ ಕಾರ್ಪೆಟ್ ಕಚೇರಿಯ ಗೋಡೆಗೋ ಸಭಾಂಗಣಕ್ಕೋ ಮ್ಯೂಸಿಯಮ್ಮಿಗೋ ಹೋಗ್ತಿತ್ತು.

ಕತೆ ಅರ್ಥ ಆಗಬೇಕಾದರೆ ಮೊದಲು ಇದನ್ನು ಹೇಗೆ ಮಾಡ್ತಾರೆ ಅಂತ ಸ್ವಲ್ಪ ಹೇಳಬೇಕು. ನಮ್ಮ ನವಲಗುಂದದ ಜಮಖಾನೆ ಗೊತ್ತಲ್ಲ? ಅದರಲ್ಲಿ ಬಣ್ಣದ ನೂಲನ್ನು ಅಡ್ಡಡ್ಡ ಹಾಯಿಸಿ ಬಿಗಿಯಾಗಿ ಬಡಿದು ಕೂರಿಸುತ್ತಾರೆ. ಗಂಟಿಲ್ಲ. ಅದಕ್ಕೇ ಅದು ಚಪ್ಪಟೆ, ಅದರ ನವಿಲುಗಳಿಗೂ ಮೂಲೆ ಮೂಲೆಯಾದ ಮೈಕಟ್ಟು. ರತ್ನಗಂಬಳಿಯ ಲೆಕ್ಕವೇ ಬೇರೆ. ಮಗ್ಗಕ್ಕೆ ಬಿಗಿದ ಹಾಸಿನ ಎರಡೆರಡು ಎಳೆಗೆ ಉಣ್ಣೆಯ ಒಂದು ತುಂಡನ್ನು ಗಂಟು ಹಾಕಬೇಕು, ಕತ್ತರಿಸಬೇಕು, ಪಕ್ಕದ ಎಳೆಗೆ ಹೋಗಬೇಕು. ಒಂದು ಸಾಲು ಮುಗಿದ ಮೇಲೆ ಹೊಕ್ಕು ಹಾಯಿಸಿ ಬಡಿದು ಮುಂದಿನ ಸಾಲು. ಮುಂದೆ ಚೌಕಳಿ ಕಾಗದದ ಮೇಲೆ ಬರೆದ ನಕ್ಷೆ ಇರುತ್ತೆ. ಒಂದು ಚೌಕ ಅಂದ್ರೆ ಒಂದು ಗಂಟು.

ಹೌದು, ಪಿಕ್ಸೆಲ್. ಒಂದು ಚದರ ಮೀಟರಿಗೆ 3 ಲಕ್ಷ ಗಂಟು ಅಂತಿಟ್ಟುಕೊಳ್ಳಿ. ಒಳ್ಳೆಯ ತುರ್ಕ್‌ಮೆನ್ ಕಾರ್ಪೆಟ್ಟಿಗೆ ಇದು ಅತಿಶಯದ ಲೆಕ್ಕವೇನಲ್ಲ. ಅಂದ್ರೆ 0.3 ಮೆಗಾಪಿಕ್ಸೆಲ್. ಕ್ಯಾಮೆರಾ ಫೋನ್ ಬಂದ ಹೊಸದರಲ್ಲಿ ತೆಗೆದ ಮಂಕು ಫೋಟೋಗಳ ಗುಣಮಟ್ಟ. ಆದರೆ ಆ ಒಂದೊಂದು ಪಿಕ್ಸೆಲ್ಲನ್ನೂ ಒಬ್ಬಳು ಹೆಂಗಸು ಬೆರಳಲ್ಲಿ ಕಟ್ಟಿದ್ದಾಳೆ. ನುರಿತ ಕೈ ದಿನಕ್ಕೆ ಸುಮಾರು 8,000 ಗಂಟು ಹಾಕುತ್ತೆ. ಒಬ್ಬಳೇ ಕೂತರೆ ಒಂದು ಚದರ ಮೀಟರಿಗೆ ಒಂದು ತಿಂಗಳ ಮೇಲೊಂದು ವಾರ. ಮುಖ ಬಂದ ಕಡೆ ಕೈ ಇನ್ನೂ ನಿಧಾನ. ಹೂವಿನ ಎಸಳು ಒಂದು ಗಂಟು ಆಚೀಚೆ ಆದರೆ ಯಾರಿಗೂ ಗೊತ್ತಾಗಲ್ಲ. ಕಣ್ಣಿನ ಅಂಚು ಒಂದು ಗಂಟು ಆಚೀಚೆ ಆದರೆ ನಾಯಕನಿಗೆ ಮೆಳ್ಳೆಗಣ್ಣು. 1937ರ ಸುಮಾರಿನ ಮಾಸ್ಕೋದಲ್ಲಿ ಅಥವಾ ಅಶ್ಗಾಬಾತ್‌ನಲ್ಲಿ ನಾಯಕನಿಗೆ ಮೆಳ್ಳೆಗಣ್ಣು ಮಾಡೋದು ತಮಾಷೆಯ ವಿಷಯ ಅಲ್ಲ.

ನನಗೆ ಈ ಕಾರ್ಪೆಟ್‌ಗಳಲ್ಲಿ ಆಸಕ್ತಿ ಹುಟ್ಟಿಸಿದ್ದು ಈ ನಿಧಾನವೇ. ಪ್ರಚಾರ ಅಂದ್ರೆ ವೇಗ ಅಂತ ನಾವು ಅಂದುಕೊಂಡಿದ್ದೀವಿ. ಪೋಸ್ಟರ್ ರಾತ್ರೋರಾತ್ರಿ ಅಚ್ಚಾಗುತ್ತೆ, ಬೆಳಗಾಗುವಷ್ಟರಲ್ಲಿ ಬದಲಾಗುತ್ತೆ. ಸ್ಟಾಲಿನ್ ಪಕ್ಕ ಮಾಸ್ಕೋ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದ ಯೆಜೋವ್, ಅಂದ್ರೆ ಗುಪ್ತ ಪೊಲೀಸರ ಮುಖ್ಯಸ್ಥ, 1940ರಲ್ಲಿ ಗುಂಡಿಗೆ ಬಲಿಯಾದ. ಫೋಟೋದಲ್ಲಿ ಅವನಿದ್ದ ಜಾಗಕ್ಕೆ ನೀರು ಬಂತು. ಅವನ ಉತ್ತರಾಧಿಕಾರಿ ಬೆರಿಯಾನ ಗತಿಯೂ ಅಷ್ಟೇ. 1953ರಲ್ಲಿ ಅವನನ್ನು ಮುಗಿಸಿದ ಮೇಲೆ ಸೋವಿಯತ್ ವಿಶ್ವಕೋಶದ ಚಂದಾದಾರರಿಗೆ ಹೊಸ ಪುಟಗಳು ಅಂಚೆಯಲ್ಲಿ ಬಂದವು. ಬೆರಿಯಾನ ಪುಟ ಕತ್ತರಿಸಿ ತೆಗೀರಿ, ಬೇರಿಂಗ್ ಸಮುದ್ರ ವಗೈರೆ ಇರೋ ಈ ಪುಟ ಅಂಟಿಸ್ಕೊಳ್ಳಿ ಅಂತ. ಫೋಟೋ ತಿದ್ದಬಹುದು, ಪುಟ ಬದಲಿಸಬಹುದು, ಪ್ರತಿಮೆ ಕರಗಿಸಬಹುದು. ಕಾರ್ಪೆಟ್ಟಿನಿಂದ ಒಂದು ಮುಖವನ್ನು ತೆಗೆಯೋಕೆ ಕತ್ತರಿ ಒಂದೇ ದಾರಿ. ತೆಗೆದರೆ ತೂತು.

ಇದನ್ನು ಸೋವಿಯತ್ತಿನವರು ಕಂಡುಹಿಡಿದದ್ದಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಮುಖಗಳು ಮಗ್ಗಕ್ಕೆ ಜೋರಾಗಿ ಬಂದದ್ದು 19ನೇ ಶತಮಾನದ ಇರಾನಿನಲ್ಲಿ, ಲಿಥೋ ಅಚ್ಚು ಮತ್ತು ಫೋಟೋ ಬಂದ ಮೇಲೆ. ಕಾಜಾರ್ ರಾಜಕುಮಾರ ಜಲಾಲುದ್ದೀನ್ ಮಿರ್ಜಾ 'ನಾಮೆ-ಯೆ ಖುಸ್ರವಾನ್' ಅಂತ ಪ್ರಾಚೀನ ಇರಾನಿನ ರಾಜರ ಚರಿತ್ರೆ ಬರೆದ. ಅದರಲ್ಲಿ ಸಸಾನಿಯನ್ ನಾಣ್ಯಗಳನ್ನು ನೋಡಿ ಬರೆದ ರಾಜರ ಚಿತ್ರಗಳಿದ್ದವು. ನೇಕಾರರಿಗೆ ಸಿದ್ಧ ನಕ್ಷೆ ಸಿಕ್ಕಂತಾಯಿತು. ಇಸ್ಲಾಮಿಗೆ ಹಿಂದಿನ ದೊರೆಗಳೆಲ್ಲ ಉಣ್ಣೆಯಲ್ಲಿ ಮರುಹುಟ್ಟು ಪಡೆದರು. ಯುರೋಪಿನ ಸಾಲದಲ್ಲಿ ಮುಳುಗಿದ್ದ ಅರಮನೆಗೆ 'ನಾವೂ ಒಂದು ಕಾಲಕ್ಕೆ ಏನಾಗಿದ್ದೆವು ಗೊತ್ತಾ' ಅಂತ ಹೇಳಿಕೊಳ್ಳೋದು ಬೇಕಾಗಿತ್ತು. ಆಮೇಲೆ 20ನೇ ಶತಮಾನದ ಆರಂಭಕ್ಕೆ ಕೆರ್ಮಾನ್ ಪಟ್ಟಣದಿಂದ 'ಮಶಾಹೀರ್' ಕಾರ್ಪೆಟ್‌ಗಳು ಬಂದವು. ಮಶಾಹೀರ್ ಅಂದ್ರೆ ಪ್ರಸಿದ್ಧರು. ಒಂದೇ ಕಾರ್ಪೆಟ್ಟಿನಲ್ಲಿ ಐವತ್ತಕ್ಕೂ ಹೆಚ್ಚು ಮುಖ: ದೊರೆಗಳು, ತತ್ವಜ್ಞಾನಿಗಳು, ನಡುವೆ ನೆಪೋಲಿಯನ್. ಪ್ರತಿ ಮುಖಕ್ಕೂ ಒಂದು ನಂಬರು, ಯಾರು ಯಾರು ಅಂತ ಅಂಚಿನಲ್ಲಿ ಪಟ್ಟಿ. ನಮ್ಮ ಸ್ಕೂಲಿನ 'ರಾಷ್ಟ್ರನಾಯಕರು' ಚಾರ್ಟ್ ನೆನಪಾಗಲಿಲ್ವಾ? ಅದೇ, ಉಣ್ಣೆಯಲ್ಲಿ.

ಸೋವಿಯತ್ ಒಕ್ಕೂಟ ಮಾಡಿದ್ದು ಬೇರೆ. ತುರ್ಕ್‌ಮೆನ್ ಕಾರ್ಪೆಟ್ಟಿನ ನಡುಭಾಗದಲ್ಲಿ 'ಗುಲ್' ಅನ್ನೋ ಎಂಟು ಮೂಲೆಯ ಪದಕದಂಥ ಚಿಹ್ನೆಗಳು ಸಾಲುಗಟ್ಟಿ ಬರುತ್ತವೆ. ತೆಕ್ಕೆ ಕುಲದ ಗುಲ್ ಬೇರೆ, ಯೊಮುತ್ ಕುಲದ್ದು ಬೇರೆ, ಸಾಲೊರ್‌ರದ್ದು ಬೇರೆ. ಗುಲ್ ನೋಡಿದರೆ ಇದು ಯಾರ ಮನೆಯ ಮಗ್ಗ ಅಂತ ಬಲ್ಲವರು ಹೇಳ್ತಿದ್ದರು. ಅಮ್ಮ ಮಗಳಿಗೆ ಕಲಿಸಿದ್ದು, ಕಾಗದದ ನಕ್ಷೆಯೂ ಇಲ್ಲದೆ ನೆನಪಿನಿಂದಲೇ ಗಂಟು ಹಾಕುತ್ತಿದ್ದದ್ದು. 1924ರಲ್ಲಿ ಲೆನಿನ್ ಸತ್ತ. ಅದೇ ವರ್ಷ ಗಡಿ ಎಳೆದು ತುರ್ಕ್‌ಮೆನ್ ಗಣರಾಜ್ಯ ಮಾಡಿದರು. ಮನೆಯ ಮಗ್ಗಗಳಲ್ಲಿ ನೇಯುತ್ತಿದ್ದ ಹೆಂಗಸರನ್ನು ಸಹಕಾರ ಸಂಘಗಳಿಗೆ ಸೇರಿಸಿದರು. ಆ ಮಗ್ಗಗಳಲ್ಲಿ ಮೂಡಿದ ಲೆನಿನ್ ಕಾರ್ಪೆಟ್‌ಗಳನ್ನು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತೆ. ಅಂಚು ಹಾಗೇ ಇದೆ. ಬಣ್ಣ ಹಾಗೇ ಇದೆ, ಅದೇ ಇಟ್ಟಿಗೆಗೆಂಪು. ನಡುವೆ ಮಾತ್ರ, ಗುಲ್ ಇರಬೇಕಾದ ಜಾಗದಲ್ಲಿ, ಒಬ್ಬ ಮನುಷ್ಯ. ಕುಲದ ಗುರುತಿದ್ದ ಜಾಗಕ್ಕೆ ನಾಯಕನ ಮುಖ ಬಂದು ಕೂತಿದೆ.

ಸೋವಿಯತ್ ಸಂಸ್ಕೃತಿ ಹೇಗಿರಬೇಕು ಅನ್ನೋದಕ್ಕೆ ಆಗ ಒಂದು ಸೂತ್ರ ಇತ್ತು: ರೂಪದಲ್ಲಿ ರಾಷ್ಟ್ರೀಯ, ಹೂರಣದಲ್ಲಿ ಸಮಾಜವಾದಿ. ಸಂಗೀತಕ್ಕೆ, ಕಾದಂಬರಿಗೆ ಈ ಸೂತ್ರ ಹೊಂದಿಸೋಕೆ ಕಲಾವಿದರು ಒದ್ದಾಡಿದರು. ಕಾರ್ಪೆಟ್ಟಿಗೆ ಮಾತ್ರ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಅಂಚು ನಿಮ್ಮದು, ನಡುಭಾಗ ನಮ್ಮದು.

ಇದನ್ನು ಬರೀ ದಬ್ಬಾಳಿಕೆ ಅಂತ ಹೇಳಿ ಮುಗಿಸೋಕೂ ನನಗೆ ಮನಸ್ಸಿಲ್ಲ. ಅಜರ್‌ಬೈಜಾನಿನ ಲತೀಫ್ ಕರೀಮೊವ್‌ರ ಕತೆ ನೋಡಿ. 1906ರಲ್ಲಿ ಶುಶಾದಲ್ಲಿ ಹುಟ್ಟಿ, ಇರಾನಿನಲ್ಲಿ ಬೆಳೆದು ಮಶ್ಹದ್‌ನಲ್ಲಿ ಕಸುಬು ಕಲಿತು, 1920ರ ದಶಕದ ಕೊನೆಗೆ ಸೋವಿಯತ್ ಅಜರ್‌ಬೈಜಾನಿಗೆ ವಾಪಸ್ ಬಂದವರು. ಕವಿ ಫಿರ್ದೌಸಿಗಾಗಿ ನಕ್ಷೆ ಬರೆದ ಅದೇ ಕೈ ನಾಯಕರಿಗಾಗಿಯೂ ಬರೆಯಿತು. 1950ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು. ಅದೇ ಕರೀಮೊವ್ ಊರೂರು ತಿರುಗಿ ಹಳೇ ವಿನ್ಯಾಸಗಳನ್ನು ಸಂಗ್ರಹಿಸಿದರು, ಅಜರ್‌ಬೈಜಾನಿನ ಕಾರ್ಪೆಟ್‌ಗಳ ಮೇಲೆ ಮೂರು ಸಂಪುಟ ಬರೆದರು, ಬಾಕು ನಗರದಲ್ಲಿ 1967ರಲ್ಲಿ ಕಾರ್ಪೆಟ್ ಮ್ಯೂಸಿಯಂ ಶುರುವಾಗಲು ಕಾರಣರಾದರು. ನಾಯಕನ ಮುಖ ನೇಯ್ದದ್ದರಿಂದ ಹಳೇ ಕಸುಬಿಗೆ ಉಣ್ಣೆ, ಸಂಬಳ, ಛಾವಣಿ ಸಿಕ್ಕಿತು ಅನ್ನೋದು ಸುಳ್ಳಲ್ಲ. ಅದಕ್ಕೆ ಕೊಟ್ಟ ಬೆಲೆ ಸಣ್ಣದು ಅಂತಲೂ ಅಲ್ಲ.

ಈ ಕತೆಯ ಶಿಖರ 1949ರ ಡಿಸೆಂಬರ್. ಸ್ಟಾಲಿನ್‌ನ ಎಪ್ಪತ್ತನೇ ಹುಟ್ಟುಹಬ್ಬ. ದೇಶವಿದೇಶಗಳಿಂದ ಉಡುಗೊರೆಗಳು ರೈಲುಗಟ್ಟಲೆ ಬಂದವು. ಇಡೋಕೆ ಜಾಗ ಬೇಕಲ್ಲ? ಮಾಸ್ಕೋದ ಪುಷ್ಕಿನ್ ಲಲಿತಕಲಾ ಮ್ಯೂಸಿಯಮ್ಮಿನಲ್ಲಿದ್ದ ಕಲಾಕೃತಿಗಳನ್ನೇ ಬದಿಗೆ ಸರಿಸಿ ಅಲ್ಲಿ ಉಡುಗೊರೆಗಳ ಪ್ರದರ್ಶನ ಇಟ್ಟರು. 1953ರವರೆಗೂ ಅದು ಹಾಗೇ ಇತ್ತು. ಯುರೋಪಿನ ಮಹಾನ್ ವರ್ಣಚಿತ್ರಗಳು ಗೋದಾಮಿನಲ್ಲಿ, ದೂರವಾಣಿ, ಹೂಜಿ, ಕಸೂತಿ, ಕಾರ್ಪೆಟ್‌ಗಳು ಗೋಡೆಯ ಮೇಲೆ.

ಸ್ಟಾಲಿನ್ ಕಾರ್ಪೆಟ್‌ಗಳ ಕಾಲ ಗುರುತಿಸೋಕೆ ಸಂಗ್ರಾಹಕರು ಉಡುಪು ನೋಡ್ತಾರೆ. ಪದವಿಪಟ್ಟಿ ಇಲ್ಲದ ಸಾದಾ ಕೋಟಿದ್ದರೆ ಯುದ್ಧಕ್ಕೂ ಹಿಂದಿನದಿರಬಹುದು. ಮಾರ್ಷಲ್ ಸಮವಸ್ತ್ರ ಇದ್ದರೆ 1943ರ ನಂತರದ್ದು, ಯಾಕಂದ್ರೆ ಆ ಪದವಿ ತಗೊಂಡದ್ದೇ ಆ ವರ್ಷ. ಇನ್ನೊಂದು ತುದಿಗೆ 1956ರ ಫೆಬ್ರವರಿ 25 ಇದೆ. ಅವತ್ತು ಕ್ರುಶ್ಚೇವ್ ಪಕ್ಷದ ಮಹಾಧಿವೇಶನದ ಮುಚ್ಚಿದ ಬಾಗಿಲೊಳಗೆ ಸ್ಟಾಲಿನ್‌ನ ಅಪರಾಧಗಳನ್ನು ಬಿಚ್ಚಿಟ್ಟ. ಆಮೇಲೆ ಸರ್ಕಾರದ ಯಾವ ಮಗ್ಗದಲ್ಲೂ ಆ ಮೀಸೆ ಮೂಡುವುದು ಸಾಧ್ಯವಿರಲಿಲ್ಲ. 1961ರಲ್ಲಿ ಅವನ ದೇಹವನ್ನೂ ಲೆನಿನ್ ಪಕ್ಕದಿಂದ ಎಬ್ಬಿಸಿದರು.

ಆ ಫೆಬ್ರವರಿಯಲ್ಲಿ ಎಲ್ಲೋ ಒಂದು ಮಗ್ಗದ ಮೇಲೆ ಅರ್ಧ ಮುಗಿದ ಸ್ಟಾಲಿನ್ ಇದ್ದಿರಬೇಕು ಅಂತ ನಾನು ಆಗಾಗ ಊಹಿಸ್ತೀನಿ. ಕಾರ್ಪೆಟ್ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತೆ. ಮೊದಲು ಅಂಚು, ಆಮೇಲೆ ಎದೆ, ಪದಕಗಳು, ಕಾಲರು, ಗದ್ದ, ಮೀಸೆ. ಸುದ್ದಿ ಬಂದಾಗ ಕೈ ಮೀಸೆ ಹತ್ತಿರ ಇದ್ದಿದ್ದರೆ? ಇದು ಬರೀ ನನ್ನ ಕಲ್ಪನೆ, ಇತಿಹಾಸ ಅಂತ ಎಲ್ಲೂ ಹೇಳಬೇಡಿ. ಎಲ್ಲರೂ ಅವನನ್ನು ಇಳಿಸಿಬಿಟ್ಟರು ಅಂತಲೂ ತಿಳಿಯಬೇಡಿ. ಅವನ ಹುಟ್ಟೂರು, ಜಾರ್ಜಿಯಾದ ಗೋರಿಯಲ್ಲಿ ಸ್ಟಾಲಿನ್ ಮ್ಯೂಸಿಯಂ ಬಾಗಿಲು ತೆರೆದದ್ದೇ 1957ರಲ್ಲಿ, ಆ ಭಾಷಣದ ಮರುವರ್ಷ. ಇವತ್ತಿಗೂ ತೆರೆದಿದೆ.

ಮುಖ ಯಾರದು ಅಂತ ಕಾರ್ಪೆಟ್ ನೋಡಿದ ಕೂಡಲೇ ಗೊತ್ತಾಗುತ್ತೆ. ನೇಯ್ದವಳು ಯಾರು? ಕೆರ್ಮಾನಿನ ಕಾರ್ಪೆಟ್‌ಗಳಲ್ಲಿ ಸಹಿ ಇದ್ದರೆ ಅದು ಕಾರ್ಖಾನೆಯ ಯಜಮಾನನದ್ದೋ ಮಾಡಿಸಿದವನದ್ದೋ. ಸೋವಿಯತ್ ಕಾರ್ಪೆಟ್‌ಗಳ ವಿಷಯದಲ್ಲಿ ನಕ್ಷೆ ಬರೆದ ಕಲಾವಿದನ ಹೆಸರು ಪುಸ್ತಕ ಸೇರುತ್ತೆ. ಗಂಟು ಹಾಕಿದವರು ಬಹುಪಾಲು 'ತುರ್ಕ್‌ಮೆನ್ ನೇಕಾರ್ತಿಯರು' ಅನ್ನೋ ಬಹುವಚನದೊಳಗೇ ಉಳಿದರು. ತಿಂಗಳುಗಟ್ಟಲೆ ಒಬ್ಬ ಮನುಷ್ಯನ ಹುಬ್ಬು, ಮೂಗು, ತುಟಿಯ ನೆರಳನ್ನು ಒಂದು ಗೇಣು ದೂರದಿಂದ ನೋಡಿದವರು ಅವರು. ಅವನನ್ನು ಅವರಷ್ಟು ಹತ್ತಿರದಿಂದ ಪಾಲಿಟ್‌ಬ್ಯೂರೋ ಕೂಡ ನೋಡಿರಲಿಕ್ಕಿಲ್ಲ. ಅವರಿಗೆ ಏನನ್ನಿಸಿತ್ತು ಅನ್ನೋದಕ್ಕೆ ಮಾತ್ರ ನಕ್ಷೆಯಲ್ಲಿ ಚೌಕ ಇಲ್ಲ.

ಕೈಯ ಕೆಲಸವನ್ನು ಯಂತ್ರ ಕಿತ್ತುಕೊಂಡ ಕತೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಹತ್ತಿರದ್ದು. 1839ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ರೇಷ್ಮೆಯಲ್ಲಿ ಒಂದು ಮುಖ ನೇಯ್ದರು. ಅದು ತೂತಿನ ಕಾರ್ಡುಗಳಿಂದ ಓಡುವ ಮಗ್ಗ ಕಂಡುಹಿಡಿದ ಜಕಾರ್ಡ್‌ನದೇ ಮುಖ. ಅದಕ್ಕೆ ಬೇಕಾದದ್ದು 24,000 ಕಾರ್ಡು. ಅದರ ಒಂದು ಪ್ರತಿ ಚಾರ್ಲ್ಸ್ ಬಾಬೇಜ್ ಮನೆಯಲ್ಲಿತ್ತು. ಬಂದವರಿಗೆಲ್ಲ ತೋರಿಸಿ, ಇದು ಅಚ್ಚು ಹಾಕಿದ್ದಲ್ಲ, ನೇಯ್ದದ್ದು ಅಂತ ಬೆರಗುಗೊಳಿಸ್ತಿದ್ದನಂತೆ. ಕಂಪ್ಯೂಟರಿನ ಪೂರ್ವಜ ಅಂತ ನಾವು ಓದೋ ಅವನ ಅನಲಿಟಿಕಲ್ ಎಂಜಿನ್ನಿಗೆ ಆ ಕಾರ್ಡುಗಳೇ ಪ್ರೇರಣೆ. ಒಮ್ಮೆ ಕಾರ್ಡು ಕೊರೆದರೆ ಸಾಕು, ಮುಖ ಎಷ್ಟು ಬೇಕಾದರೂ ಬರುತ್ತೆ. ಚೀನಾದ ಹಾಂಗ್‌ಝೌನಲ್ಲಿ 1922ರಲ್ಲಿ ಶುರುವಾದ ದು ಜಿನ್‌ಶೆಂಗ್ ರೇಷ್ಮೆ ಕಾರ್ಖಾನೆ ಮೊದಲು ಸರೋವರ, ಬೆಟ್ಟಗಳ ಕಪ್ಪುಬಿಳುಪು ದೃಶ್ಯ ನೇಯುತ್ತಿತ್ತು. ಕ್ರಾಂತಿಯಾದ ಮೇಲೆ ಅದೇ ಬಗೆಯ ಮಗ್ಗಗಳಲ್ಲಿ ಮಾವೋ, ಮಾರ್ಕ್ಸ್, ಸ್ಟಾಲಿನ್ ಬಂದರು. ಇಲ್ಲೂ ರಾಜಕೀಯ ಮಗ್ಗಕ್ಕಿಂತ ಬೇಗ ಓಡಿತು. ಮಾವೋನ ಪಕ್ಕ ಉತ್ತರಾಧಿಕಾರಿಯಾಗಿ ನಗುತ್ತಿದ್ದ ಲಿನ್ ಬಿಯಾವೊ 1971ರ ಸೆಪ್ಟೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ಸತ್ತ, ದ್ರೋಹಿ ಅನ್ನಿಸಿಕೊಂಡ. ಜನ ತಮ್ಮ ಮನೆಯ ಚಿತ್ರಗಳಲ್ಲಿ ಅವನ ಮುಖವನ್ನು ಕೆರೆದರು, ಮಸಿ ಬಳಿದರು. ಅದಕ್ಕೇ ಇವತ್ತು ಒಂಟಿ ಮಾವೋ ಅಗ್ಗ, ಲಿನ್ ಬಿಯಾವೊ ಮುಖ ಉಳಿದ ಜೋಡಿ ದುಬಾರಿ. ಮಾರುಕಟ್ಟೆ ಬೆಲೆ ಕಟ್ಟೋದು ಹೆದರಿಕೆಗೆ.

ಕೆನಡಿಯದು ಇನ್ನೊಂದು ಬಗೆ. 1960ರ ದಶಕದಲ್ಲಿ ಇಟಲಿಯಿಂದ ಬರ್ತಿದ್ದ ಮಖಮಲ್ಲಿನಂಥ ಯಂತ್ರದ ಗೋಡೆಚಾದರಗಳು. ಜಾನ್ ಕೆನಡಿ, ತಮ್ಮ ರಾಬರ್ಟ್, ಮಾರ್ಟಿನ್ ಲೂಥರ್ ಕಿಂಗ್, ಮೂವರೂ ಗುಂಡಿಗೆ ಬಲಿಯಾದವರು, ಒಂದೇ ಬಟ್ಟೆಯ ಮೇಲೆ. ಇದನ್ನು ಯಾವ ಸರ್ಕಾರವೂ ಮಾಡಿಸಲಿಲ್ಲ. ದುಃಖ ಇದ್ದವರು ದುಡ್ಡು ಕೊಟ್ಟು ತಂದು ಹಾಕಿಕೊಂಡರು. ನಮ್ಮ ಅಜ್ಜಿ ಮನೆಗಳಲ್ಲಿ ಗಾಂಧಿ, ಬೋಸ್ ಇರೋ ಕ್ಯಾಲೆಂಡರನ್ನು ವರ್ಷ ಮುಗಿದ ಮೇಲೂ ಇಳಿಸದೆ ಬಿಟ್ಟ ಹಾಗೆ.

ಅಫ್ಘಾನಿಸ್ತಾನಕ್ಕೆ ಬಂದರೆ ಮಗ್ಗವೇ ಮಾತಾಡೋಕೆ ಶುರುಮಾಡುತ್ತೆ. ಅಮಾನುಲ್ಲಾ 1919ರಿಂದ 1929ರವರೆಗೆ ಆಳಿದ, ಬ್ರಿಟಿಷರಿಂದ ಪೂರ್ಣ ಸ್ವಾತಂತ್ರ್ಯ ಪಡೆದ, ಸುಧಾರಣೆಗೆ ಹೋಗಿ ಗದ್ದುಗೆ ಕಳೆದುಕೊಂಡ. ಅವನು ದೇಶ ಬಿಟ್ಟು ದಶಕಗಳಾದ ಮೇಲೂ ಅವನ ಟೋಪಿ, ಪದಕ, ಮೀಸೆ ಅಲ್ಲಿನ ಮಗ್ಗಗಳಲ್ಲಿ ಮೂಡ್ತಾನೇ ಇದ್ದವು. ಯಾರೂ ಆಜ್ಞೆ ಮಾಡದ ರಾಜಭಕ್ತಿ. 1979ರ ಕೊನೆಗೆ ಸೋವಿಯತ್ ಸೈನ್ಯ ನುಗ್ಗಿದ ಮೇಲೆ ಹೂವಿನ ಜಾಗಕ್ಕೆ ಹೆಲಿಕಾಪ್ಟರು, ಟ್ಯಾಂಕು, ಕಲಾಶ್ನಿಕೊವ್ ಬಂದವು. 2001ರ ನಂತರ ಅವಳಿ ಗೋಪುರಗಳೂ ಬಂದವು. ಗೋಪುರಕ್ಕೆ ವಿಮಾನ ಬಡಿಯುತ್ತೆ, ಕೆಳಗೆ ಎರಡು ದೇಶದ ಬಾವುಟದ ನಡುವೆ ಒಂದು ಪಾರಿವಾಳ. ಆ ಪಾರಿವಾಳ ಎಲ್ಲಿಂದ ಬಂತು ಅಂದ್ರೆ ಅಮೆರಿಕದ ಸೈನ್ಯ ಉದುರಿಸಿದ ಕರಪತ್ರದಿಂದ. ಆಕಾಶದಿಂದ ಬಿದ್ದ ಪ್ರಚಾರವನ್ನು ಎತ್ತಿಕೊಂಡು ನೇಯ್ದರು, ಕಾಬೂಲಿನ ಚಿಕನ್ ಸ್ಟ್ರೀಟಿನಲ್ಲಿ ವಿದೇಶಿಯರಿಗೆ ಮಾರಿದರು. ಇಂಗ್ಲಿಷ್ ಕಾಗುಣಿತ ತಪ್ಪಿರುತ್ತೆ. ಅಕ್ಷರವೂ ಅವರಿಗೆ ಒಂದು ವಿನ್ಯಾಸವೇ.

ಇನ್ನು ಕೊಳ್ಳೋ ವಿಷಯ. ಫ್ಲ್ಯಾಟಿನ ಬಿಳಿ ಗೋಡೆಗೆ ಒಂದು ಲೆನಿನ್ ಇದ್ದರೆ ಮಸ್ತಾಗಿರುತ್ತೆ ಅಂತ ಯೋಚಿಸೋರು ನನ್ನ ಸ್ನೇಹಿತರಲ್ಲೇ ಇದ್ದಾರೆ. ವ್ಯಂಗ್ಯಕ್ಕೆ ಅಂತಾರೆ. ಹಿಟ್ಲರನನ್ನು ವ್ಯಂಗ್ಯಕ್ಕೆ ಹಾಕ್ತೀಯಾ ಅಂದರೆ ಮುಖ ಸಿಂಡರಿಸ್ತಾರೆ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳು ನಾಜಿ ವಸ್ತುಗಳನ್ನು ಬಿಟ್ಟುಕೊಳ್ಳೋದಿಲ್ಲ, ಸ್ಟಾಲಿನ್ ಸಲೀಸಾಗಿ ಬಿಕರಿಯಾಗ್ತಾನೆ. 1932-33ರ ಬರದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡ ಉಕ್ರೇನಿನಲ್ಲಿ 2015ರ ಕಾನೂನು ಎರಡೂ ಬಗೆಯ ಚಿಹ್ನೆಗಳ ಪ್ರಚಾರವನ್ನು ಒಟ್ಟಿಗೇ ನಿಷೇಧಿಸಿತು. ಬೆಂಗಳೂರಿನಿಂದ ನೋಡಿದರೆ ಆ ಮೀಸೆ ತಮಾಷೆಯಾಗಿ ಕಾಣೋದು ದೂರದ ದೆಸೆಯಿಂದ. ಹಾಗಂತ ಇವನ್ನೆಲ್ಲ ಸುಟ್ಟುಹಾಕಿ ಅನ್ನೋ ಪಂಗಡದವನೂ ಅಲ್ಲ ನಾನು. ಸುಟ್ಟರೆ ಅವನ ಮುಖದ ಜೊತೆ ಅವಳ ಗಂಟೂ ಹೋಗುತ್ತೆ.

ಕೊಂಡರೆ ಹಿಂಬದಿ ತಿರುಗಿಸಿ ನೋಡಿ. ಫೋಟೋದಲ್ಲಿ ಹಿಂಬದಿ ತೋರಿಸದ ಮಾರಾಟಗಾರನಿಂದ ದೂರ ಇರಿ. ಕೈಗಂಟಾದರೆ ಹಿಂದೆಯೂ ಅದೇ ಚಿತ್ರ ಸ್ಪಷ್ಟವಾಗಿರುತ್ತೆ, ಸಾಲುಗಳು ಒಂದಿಷ್ಟು ಸೊಟ್ಟಗಿರುತ್ತವೆ. ಕುಚ್ಚು ಹಾಸಿನ ಎಳೆಯದೇ ಮುಂದುವರಿಕೆ ಆಗಿರಬೇಕು. ಆಮೇಲೆ ಹೊಲಿದದ್ದಾದರೆ ಯಂತ್ರದ್ದೋ ರಿಪೇರಿಯದ್ದೋ ಅಂತ ಅನುಮಾನ ಪಡಿ. ಎಡ ಬಲ ಎರಡೂ ಬದಿ ಗೆರೆ ಎಳೆದಷ್ಟು ನೇರವಾಗಿದ್ದರೂ ಅನುಮಾನ ಪಡಿ. ಹಿಂಬದಿಯಲ್ಲಿ ಒಮ್ಮೊಮ್ಮೆ ನಡುವೆಯೇ ಕೈ ಬದಲಾದದ್ದು ಗೊತ್ತಾಗುತ್ತೆ. ಒಂದು ಸಾಲಿನವರೆಗೆ ಗಂಟು ಬಿಗಿ, ಮುಂದೆ ಸಡಿಲ. ಮುಂಭಾಗದಲ್ಲಿ ಅದೇ ಮುಖ, ಅದೇ ದೃಷ್ಟಿ.

ಒಕ್ಕೂಟ ಒಡೆದ ಮೇಲಾದರೂ ಮಗ್ಗಕ್ಕೆ ವಿಶ್ರಾಂತಿ ಸಿಕ್ಕಿತಾ ಅಂದರೆ, ಇಲ್ಲ. ಸ್ವತಂತ್ರ ತುರ್ಕ್‌ಮೆನಿಸ್ತಾನದ ಮೊದಲ ಅಧ್ಯಕ್ಷ ನಿಯಾಜೊವ್, ತಿಂಗಳುಗಳ ಹೆಸರನ್ನೇ ಬದಲಿಸಿ ಜನವರಿಗೆ ತನ್ನ ಬಿರುದು, ಏಪ್ರಿಲ್‌ಗೆ ಅಮ್ಮನ ಹೆಸರಿಟ್ಟ ಮಹಾಶಯ, 2001ರಲ್ಲಿ 301 ಚದರ ಮೀಟರಿನ ಕಾರ್ಪೆಟ್ ನೇಯಿಸಿದ. ಅದರ ಹೆಸರಿನಲ್ಲೂ ಅವನೇ, ಅವನ ಸುವರ್ಣಯುಗವೇ. ಗಿನ್ನೆಸ್ ದಾಖಲೆಯೂ ಆಯಿತು. 2006ರಲ್ಲಿ ಅವನು ಸತ್ತ, 2008ರಲ್ಲಿ ತಿಂಗಳುಗಳಿಗೆ ಹಳೇ ಹೆಸರು ವಾಪಸ್ ಬಂತು. ಆದರೆ ಆ ದೇಶದ ಬಾವುಟದ ಎಡ ಅಂಚಿನಲ್ಲಿ, 1992ರಿಂದಲೂ, ಐದು ಕುಲಗಳ ಐದು ಗುಲ್‌ಗಳಿವೆ. ಯಾರ ಮುಖವೂ ಇಲ್ಲ.

ಬಾಕುವಿನ ಕಾರ್ಪೆಟ್ ಮ್ಯೂಸಿಯಂ ವಿಷಯ ಅರ್ಧಕ್ಕೇ ಬಿಟ್ಟಿದ್ದೆ. ಅದು ಮೊದಲು ಇದ್ದದ್ದು ಹಳೇ ಪೇಟೆಯ ಜುಮಾ ಮಸೀದಿಯಲ್ಲಿ. ಒಕ್ಕೂಟ ಕುಸಿದ ಮೇಲೆ ಕಂಬಗಳ ಸಾಲಿರುವ ಒಂದು ದೊಡ್ಡ ಸರ್ಕಾರಿ ಕಟ್ಟಡ ಖಾಲಿಯಾಯಿತು. 1992ರಲ್ಲಿ ಕಾರ್ಪೆಟ್‌ಗಳನ್ನೆಲ್ಲ ಸುತ್ತಿಕೊಂಡು ಅಲ್ಲಿಗೆ ಸಾಗಿಸಿದರು, 2014ರಲ್ಲಿ ಸಮುದ್ರ ದಂಡೆಯ ಹೊಸ ಕಟ್ಟಡ ಸಿದ್ಧವಾಗುವವರೆಗೂ ಅವು ಅಲ್ಲೇ ಇದ್ದವು. ಆ ಕಂಬಗಳ ಕಟ್ಟಡ ಅದಕ್ಕೂ ಮುಂಚೆ ಲೆನಿನ್ ಮ್ಯೂಸಿಯಂ ಆಗಿತ್ತು.